ಹಳೆಯ ಕಾರೂ ಹೊಸ ಜಾಹೀರಾತೂ

ಹಳೆಯದಾದಷ್ಟೂ ಬೆಲೆ ಇಳಿಯುವ ವಸ್ತುಗಳು ಕೆಲವು; ಹಳೆಯದಾದಷ್ಟೂ ಬೆಲೆ ಏರುವ ವಸ್ತುಗಳು ಕೆಲವು. ಹಳೆಯ ಅಕ್ಕಿ, ಹಳೆಯ ತೇಗದ ತೊಲೆ, ಹಳೆಯ ವೀಣೆ ಇವುಗಳಿಗೆ ಮೊದಲಿನಿಂದಲೂ ಮರ್ಯಾದೆಯುಂಟು. ಯಂತ್ರಗಳಿಗೆ ಮಾತ್ರ ಆ ಭಾಗ್ಯವಿರಲಿಲ್ಲ. ವರ್ಷಾನುಗಟ್ಟಲೆ ದುಡಿದ ಕಾರು ಕೊಟ್ಟಿಗೆಯ ಪಕ್ಕದಲ್ಲಿ ನಿಂತು, ಕೋಳಿಗಳಿಗೆ ಗೂಡಾಗಿ, ಕೊನೆಗೊಂದು ದಿನ ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುವುದೇ ಲೋಕರೂಢಿಯಾಗಿತ್ತು. ಈಗ ಕಾಲಚಕ್ರ ತಿರುಗಿದೆ. ನಿನ್ನೆಯ ಗುಜರಿ ಇಂದು ‘ಕ್ಲಾಸಿಕ್’ ಎಂಬ ಹೆಸರು ಹೊತ್ತು, ಮೊಬೈಲಿನ ಪರದೆಯ ಮೇಲೆ ಮದುವಣಗಿತ್ತಿಯಂತೆ ಅಲಂಕರಿಸಿಕೊಂಡು ಕುಳಿತಿದೆ. ಅದನ್ನು ಕೊಳ್ಳಲು ಹೊರಟವರು ಅಲಂಕಾರದ ಹಿಂದಿನ ಮುಖವನ್ನು ಕಾಣುವುದು ಹೇಗೆಂಬುದರ ಬಗ್ಗೆ ನನಗೆ ತೋಚಿದ ನಾಲ್ಕು ಮಾತುಗಳನ್ನು ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ.

ಹಳೆಯ ವಾಹನಗಳ ಮೇಲಿನ ಈ ಪ್ರೀತಿಯನ್ನು ನಾನು ಹಳಿಯುವವನಲ್ಲ. ಪಶ್ಚಿಮ ಬಂಗಾಳದ ಉತ್ತರಪಾರಾದ ಕಾರ್ಖಾನೆಯಿಂದ 2014ರವರೆಗೂ ಹೊರಬರುತ್ತಿದ್ದ ಅಂಬಾಸಿಡರ್ ಕಾರು, ಮುಂಬಯಿಯ ಪ್ರೀಮಿಯರ್ ಪದ್ಮಿನಿ, ಮಲೆನಾಡಿನ ತೋಟಗಳಲ್ಲಿ ಹೆಣಗಿದ ಜೀಪು ಇವು ನಮ್ಮ ದೇಶದ ಬದುಕಿನ ಒಂದು ಭಾಗವೇ ಆಗಿದ್ದವು. ಮೈಸೂರಿನವರಿಗಂತೂ ಇನ್ನೊಂದು ಅಭಿಮಾನವಿದೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜಾವಾ ಮೋಟಾರು ಸೈಕಲ್ಲುಗಳನ್ನೂ, 1970ರ ದಶಕದಿಂದ ಯೆಜ್ಡಿಯನ್ನೂ ತಯಾರಿಸಿ, 1996ರಲ್ಲಿ ಬಾಗಿಲು ಹಾಕಿತು. ಅದರ ಎರಡು ಹೊಗೆ ಕೊಳವೆಗಳ ಸದ್ದನ್ನು ಕೇಳಿ ಬೆಳೆದವರು ಈಗಲೂ ಆ ಗಾಡಿಯನ್ನು ಕಂಡರೆ ನಿಂತು ನೋಡುತ್ತಾರೆ. ಮೈಸೂರು–ಬೆಂಗಳೂರು ಹೆದ್ದಾರಿಯಲ್ಲಿ ಶ್ರೀರಂಗಪಟ್ಟಣದ ಬಳಿ ಧರ್ಮಸ್ಥಳದವರು ‘ಪಯಣ’ ಎಂಬ ಹೆಸರಿನ ಕಾರುಗಳ ವಸ್ತುಸಂಗ್ರಹಾಲಯವನ್ನೇ ಕಟ್ಟಿದ್ದಾರೆ. ಯಂತ್ರವೂ ಚರಿತ್ರೆಯ ಸಾಕ್ಷಿಯೆಂಬುದನ್ನು ಒಪ್ಪಲೇಬೇಕು. ಆದರೆ ಪ್ರೀತಿಯಿರುವ ಕಡೆ ಕಣ್ಣು ಮಂಜಾಗುತ್ತದೆ. ಕಣ್ಣು ಮಂಜಾದ ಕಡೆ ವ್ಯಾಪಾರಿಯ ನಾಲಿಗೆ ಚುರುಕಾಗುತ್ತದೆ.

ಇದು ಪೇಟೆಯ ಸಿರಿವಂತರ ಹವ್ಯಾಸ, ಹಳ್ಳಿಗಾಡಿನ ಕಾಲೇಜಿನ ವಿದ್ಯಾರ್ಥಿಗೆ ಇದರ ಚಿಂತೆ ಏಕೆಂದು ಕೆಲವರು ಕೇಳಬಹುದು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲ್ಲೂಕುಗಳಲ್ಲಿ ವರ್ಷಕ್ಕೊಮ್ಮೆ ಕೈಯಲ್ಲಿ ಹಣ ಆಡುವ ಕಾಲವೊಂದುಂಟು. ಕಟ್ಟೆಮಳಲವಾಡಿ, ಕಂಪಲಾಪುರ, ಹೆಗ್ಗಡದೇವನಕೋಟೆಗಳ ಹರಾಜು ಮಾರುಕಟ್ಟೆಗಳಲ್ಲಿ ಹೊಗೆಸೊಪ್ಪು ಮಾರಿದ ಮೇಲೆ, ಕೃಷ್ಣರಾಜನಗರದ ಕಡೆ ಭತ್ತದ ಒಕ್ಕಣೆ ಮುಗಿದ ಮೇಲೆ, ಸಾಲ ತೀರಿಸಿ ಉಳಿದ ಹಣದಲ್ಲಿ ಮನೆಗೊಂದು ಗಾಡಿ ತರಬೇಕೆಂಬ ಆಸೆ ಯಾರಿಗಿಲ್ಲ? ಹೊಸ ಕಾರಿನ ಬೆಲೆ ಎಟುಕುವುದಿಲ್ಲ. ಹಳೆಯದೊಂದನ್ನು ಕೊಂಡು, ಮದುವೆ ಮೆರವಣಿಗೆಗೆ ಬಾಡಿಗೆಗೆ ಬಿಟ್ಟರೆ ಗಾಡಿಯ ಖರ್ಚು ಗಾಡಿಯೇ ದುಡಿಯುತ್ತದೆಂಬ ಲೆಕ್ಕಾಚಾರವೂ ಈಚೆಗೆ ಹುಟ್ಟಿಕೊಂಡಿದೆ. ಜಾಹೀರಾತು ಬಹುಮಟ್ಟಿಗೆ ಇಂಗ್ಲಿಷಿನಲ್ಲಿರುತ್ತದೆ. ಆಗ ಅದು ಬರುವುದು ನಮ್ಮಂಥವರ ಕೈಗೆ. “ಓದಿರೋನು ನೀನು, ಅದೇನ್ ಬರ್ದವ್ರೆ ನೋಡೇಳಪ್ಪ” ಎಂದು ಮೊಬೈಲನ್ನು ಮುಂದೆ ಹಿಡಿಯುತ್ತಾರೆ. ಮನೆತನದಲ್ಲೇ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವನ ಬಾಯಿಂದ ಬಂದ ‘ಸರಿ’ ಎಂಬ ಒಂದು ಮಾತಿನ ಮೇಲೆ ಒಂದು ವರ್ಷದ ಬೆವರು ನಿಂತಿರುತ್ತದೆ. ಆದುದರಿಂದ ಇದು ನಮ್ಮ ಚಿಂತೆಯೇ ಹೌದು.

ಮೊದಲು ಜಾಹೀರಾತಿನ ಭಾಷೆಯನ್ನು ಸ್ವಲ್ಪ ವಿಮರ್ಶಿಸೋಣ. ಅದರಲ್ಲಿ ಹಸಿ ಸುಳ್ಳಿಗಿಂತ ಅರ್ಧ ಸತ್ಯವೇ ಹೆಚ್ಚು. ‘ಪೇಪರ್ ಕ್ಲಿಯರ್’ ಎಂದರೆ ನೋಂದಣಿ ಚಾಲ್ತಿಯಲ್ಲಿದೆಯೆಂದು ನಾವು ತಿಳಿಯುತ್ತೇವೆ. ಒಂದು ಹರಿದ ಪುಸ್ತಕ ಮನೆಯಲ್ಲಿದೆಯೆಂಬಷ್ಟೇ ಮಾರುವವನ ಅರ್ಥವಾಗಿರಬಹುದು. ‘ಎಲ್ಲ ಒರಿಜಿನಲ್’ ಎಂದೂ ‘ಪೂರ್ತಿ ರೆಸ್ಟೋರ್ ಮಾಡಿದೆ’ ಎಂದೂ ಒಂದೇ ಉಸಿರಿನಲ್ಲಿ ಬರೆದಿರುತ್ತಾರೆ. ಪೂರ್ತಿ ಹೊಸದು ಮಾಡಿದ್ದರೆ ಎಲ್ಲವೂ ಮೂಲದ್ದಾಗಿ ಉಳಿಯುವುದೆಂತು? ‘ಸಣ್ಣ ಕೆಲಸವಿದೆ’ ಎನ್ನುತ್ತಾರೆ. ಅಷ್ಟು ಸಣ್ಣದಾದರೆ ಮಾರುವವನೇ ಏಕೆ ಮಾಡಿಸಲಿಲ್ಲ? ‘ಬಹಳ ಅಪರೂಪದ ಗಾಡಿ’ ಎನ್ನುತ್ತಾರೆ. ಗಾಡಿ ಅಪರೂಪವಾದರೆ ಅದರ ಬಿಡಿಭಾಗವೂ ಅಪರೂಪವೆಂಬುದು ಕೊಂಡವನಿಗೆ ಆಮೇಲೆ ತಿಳಿಯುತ್ತದೆ.

ಚಿತ್ರಗಳ ಮಾತೂ ಹೀಗೆಯೇ. ನೀರು ಸುರಿದ ಒಡನೆ ತೆಗೆದ ಚಿತ್ರದಲ್ಲಿ ಮಾಸಿದ ಬಣ್ಣವೂ ಹೊಳೆಯುತ್ತದೆ. ನಾಲ್ಕು ಚಿತ್ರಗಳೂ ಒಂದೇ ಮಗ್ಗುಲಿನವಾದರೆ ಇನ್ನೊಂದು ಮಗ್ಗುಲಿನಲ್ಲಿ ಏನೋ ಇದೆ. ತಳಭಾಗ, ಡಿಕ್ಕಿಯ ಒಳನೆಲ, ಎಂಜಿನ್, ಚಾಸಿ ನಂಬರು ಇವುಗಳ ಚಿತ್ರ ಇಲ್ಲದಿದ್ದರೆ, ನಂಬರ್ ಪ್ಲೇಟನ್ನು ಬೆರಳಿನಿಂದ ಮುಚ್ಚಿದ್ದರೆ, ಆ ಮೌನವೇ ಮಾತು. ಜಾಹೀರಾತಿನಲ್ಲಿ ಹೇಳಿದ್ದನ್ನು ಓದುವುದು ಅಕ್ಷರ ಬಲ್ಲವರೆಲ್ಲರಿಗೂ ಸಾಧ್ಯ. ಹೇಳದೆ ಬಿಟ್ಟಿದ್ದನ್ನು ಓದುವುದೇ ನಿಜವಾದ ವಿದ್ಯೆ.

ಇದಕ್ಕೊಂದು ನಿದರ್ಶನ. ನಮ್ಮ ಕಡೆಯ ಹೊಗೆಸೊಪ್ಪಿನ ಬೆಳೆಗಾರರೊಬ್ಬರು ‘1964ರ ಅಂಬಾಸಿಡರ್, ಎಲ್ಲ ಒರಿಜಿನಲ್, ಪೇಪರ್ ಕ್ಲಿಯರ್’ ಎಂಬ ಜಾಹೀರಾತಿಗೆ ಮನಸೋತರು. ಮುಂಗಡ ಕಳುಹಿಸಿದರೆ ಬೇರೆಯವರಿಗೆ ಕೊಡದೆ ಇಟ್ಟುಕೊಳ್ಳುವುದಾಗಿ ಮಾರುವವನು ಫೋನಿನಲ್ಲಿ ಹೇಳಿದ. ನೋಡದೆ ಹಣ ಬೇಡವೆಂದು ನಾವು ಹಟ ಹಿಡಿದೆವು. ಹಿಂದೆ ಬಾಡಿಗೆ ಕಾರು ಓಡಿಸುತ್ತಿದ್ದ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋದೆವು. ಅವರು ಬಾಗಿಲು ತೆರೆದು ಒಳಗೆ ನೋಡಿದವರೇ ನಕ್ಕುಬಿಟ್ಟರು. 1964ರ ಅಂಬಾಸಿಡರಿನಲ್ಲಿ ಗೇರಿನ ಕೋಲು ಸ್ಟೀರಿಂಗ್ ಕಂಬದ ಮೇಲಿರಬೇಕು. ಇಲ್ಲಿ ಐದು ಗೇರಿನ ಕೋಲು ನೆಲದಿಂದ ಎದ್ದಿತ್ತು. ಪುಸ್ತಕದಲ್ಲಿ ಪೆಟ್ರೋಲ್ ಎಂದಿತ್ತು. ಬಾನೆಟ್ಟಿನ ಕೆಳಗೆ ಡೀಸೆಲ್ ಎಂಜಿನ್ ಕುಳಿತಿತ್ತು. ಚಾಸಿ ನಂಬರಿದ್ದ ಜಾಗದಲ್ಲಿ ಅರ ಹಾಕಿ ಉಜ್ಜಿ ಬಣ್ಣ ಬಳಿದ ಗುರುತು ಕಾಣುತ್ತಿತ್ತು. ಹಿಂದಿನ ಸೀಟಿನ ಮುಂದಿದ್ದ ಮ್ಯಾಟನ್ನು ಎತ್ತಿದರೆ ಕೆಳಗಿನ ಮಣ್ಣು ಕಂಡಿತು. ಮುಂಭಾಗದ ಜಾಲರಿಯೊಂದು ಮಾತ್ರ ನಿಜವಾಗಿ ಹಳೆಯದು. ಎಂದೋ ಸತ್ತುಹೋದ ಕಾರಿನ ಪುಸ್ತಕವನ್ನು ಎಷ್ಟೋ ವರ್ಷ ಕಿರಿಯದಾದ ಮತ್ತೊಂದು ಕಾರಿಗೆ ಜೋಡಿಸಿದ್ದರೆಂದು ಕಾಣುತ್ತದೆ. ಪ್ರಶ್ನಿಸಿದಾಗ ಮಾರುವವನು, “ಫೋಟೋ ನೋಡಿ ಒಪ್ಕೊಂಡೇ ಬಂದ್ರಲ್ಲ ಸ್ವಾಮಿ” ಎಂದನೇ ಹೊರತು ಬೇರೆ ಉತ್ತರ ಕೊಡಲಿಲ್ಲ. ನಮಗಾದ ನಷ್ಟ ಬಸ್ಸಿನ ಚಾರ್ಜು, ಒಂದು ದಿನದ ಕೆಲಸ. ಹೋಗದೇ ಇದ್ದಿದ್ದರೆ ಹೋಗುತ್ತಿದ್ದುದು ಒಂದು ವರ್ಷದ ಫಸಲು.

ಅಂದಿನಿಂದ ನನ್ನ ಮನಸ್ಸಿನಲ್ಲಿ ಒಂದು ಪ್ರಶ್ನೆ ಸುಳಿಯುತ್ತಿದೆ. ಎತ್ತು ಕೊಳ್ಳುವಾಗ ಇಷ್ಟು ಜಾಣರಾದ ನಮ್ಮ ರೈತರು ಕಾರು ಕೊಳ್ಳುವಾಗ ಏಕೆ ಎಳೆಯ ಮಕ್ಕಳಾಗುತ್ತಾರೆ? ಸಂಕ್ರಾಂತಿಯ ಕಾಲದಲ್ಲಿ ಕೃಷ್ಣರಾಜನಗರದ ಕಡೆಯ ಚುಂಚನಕಟ್ಟೆಯಲ್ಲಿ ದನಗಳ ಜಾತ್ರೆ ಸೇರುತ್ತದೆ. ಅಲ್ಲಿ ಮಾರುವವನು ಎತ್ತಿನ ಕೊಂಬಿಗೆ ಎಣ್ಣೆ ಸವರಿರಲಿ, ಕೊರಳಿಗೆ ಗೆಜ್ಜೆ ಕಟ್ಟಿರಲಿ, ಕೊಳ್ಳುವ ರೈತ ಮರುಳಾಗುವುದಿಲ್ಲ. ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ. ಎರಡು ಹಲ್ಲೋ, ನಾಲ್ಕೋ, ಬಾಯಿಗೂಡಿದ್ದೋ ಎಂದು ನೋಡುತ್ತಾನೆ. ಮೈಯ ಸುಳಿ ನೋಡುತ್ತಾನೆ. ನಡೆಸಿ ನೋಡುತ್ತಾನೆ. ನೊಗ ಹೂಡಿ ನೋಡುತ್ತಾನೆ. ಆಮೇಲೆಯೇ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆಯ ಮಾತು. ಎತ್ತಿನ ಚಿತ್ರ ನೋಡಿ ಹಣ ಕೊಟ್ಟವನನ್ನು ಯಾವ ಜಾತ್ರೆಯಲ್ಲೂ ಕಂಡಿಲ್ಲ. ನಮ್ಮ ಹಿರಿಯರ ಈ ನಾಲ್ಕು ಪರೀಕ್ಷೆಗಳೇ ಹಳೆಯ ಕಾರಿಗೂ ಸಾಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಕಾರಿನ ಹಲ್ಲು ಎಂದರೆ ಅದರ ನಂಬರುಗಳು. ಚಾಸಿಯ ಮೇಲೆ ಕೊರೆದ ನಂಬರನ್ನೂ ಎಂಜಿನ್ ನಂಬರನ್ನೂ ನೋಂದಣಿ ಪತ್ರದೊಡನೆ ಒಂದೊಂದಾಗಿ ಹೋಲಿಸಬೇಕು. ನಂಬರಿನ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲಿನಿಂದ ತಿಕ್ಕಿದರೆ ಅಚ್ಚು ಮೂಡುತ್ತದೆ. ಸಾರಿಗೆ ಕಚೇರಿಯ ಕಾಗದಗಳಿಗೂ ಹೀಗೆ ಅಚ್ಚು ತೆಗೆಯುವ ರೂಢಿಯುಂಟು. ಅಕ್ಷರಗಳು ಏರುಪೇರಾಗಿದ್ದರೆ, ಸುತ್ತಲಿನ ಲೋಹ ತಗ್ಗಾಗಿದ್ದರೆ ಅಲ್ಲಿಂದ ಹೊರಟುಬಿಡುವುದು ಲೇಸು. ವಾಹನದ ಸಂಖ್ಯೆಯೂ ಒಂದು ಸಾಕ್ಷಿ. ‘ಕೆಎ’ ಎಂಬ ಅಕ್ಷರಗಳು ನಮ್ಮ ರಾಜ್ಯದಲ್ಲಿ ಬಳಕೆಗೆ ಬಂದದ್ದು 1980ರ ದಶಕದ ಕೊನೆಗೆ. ನಮ್ಮ ಈ ನಾಲ್ಕು ತಾಲ್ಲೂಕುಗಳಿಗೆ ಹುಣಸೂರಿನ ಸಾರಿಗೆ ಕಚೇರಿ ಕೊಡುವ ‘ಕೆಎ 45’ ಅದಕ್ಕೂ ಈಚಿನದು. 1965ರ ಕಾರೆಂದು ಹೇಳಿ ‘ಕೆಎ’ ಸಂಖ್ಯೆ ತೋರಿಸಿದರೆ ಅದು ಮೋಸವೇ ಎಂದಲ್ಲ. ಬೇರೆ ರಾಜ್ಯದಿಂದ ಬಂದು ಇಲ್ಲಿ ಮತ್ತೆ ನೋಂದಣಿಯಾಗಿರಬಹುದು. ಆದರೆ ಹಿಂದಿನ ಪುಸ್ತಕ ಎಲ್ಲಿ ಎಂದು ಕೇಳಲೇಬೇಕು. ಮೋಟಾರು ಸೈಕಲ್ಲುಗಳಲ್ಲಿಯೂ ಇದೇ ಎಚ್ಚರ ಬೇಕು. ಯೆಜ್ಡಿಗೆ ಜಾವಾದ ಟ್ಯಾಂಕನ್ನೂ ಲಾಂಛನವನ್ನೂ ತೊಡಿಸಿ, ಹತ್ತು ವರ್ಷ ಹಿರಿಯದೆಂದು ಮಾರುವುದು ಕಷ್ಟದ ಕೆಲಸವೇನಲ್ಲ.

ಸುಳಿ ಎಂದರೆ ಕಾಗದಪತ್ರ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ನವೀಕರಣದ ಶುಲ್ಕವನ್ನು 2022ರ ಏಪ್ರಿಲ್‌ನಿಂದ ಕಾರಿಗೆ 5,000 ರೂಪಾಯಿಗೆ ಏರಿಸಿದರು; 20 ವರ್ಷ ಮೀರಿದವಕ್ಕೆ 2025ರ ಆಗಸ್ಟ್‌ನಲ್ಲಿ ಮತ್ತೆ ಹೆಚ್ಚಿಸಿದರು. ಇದರ ಮೇಲೆ ಬಾಕಿ ತೆರಿಗೆ, ಹಸಿರು ತೆರಿಗೆ, ದಂಡ, ವಿಮೆ. ‘ಅಗ್ಗದ’ ಗಾಡಿಯ ನಿಜವಾದ ಬೆಲೆ ಇವೆಲ್ಲವನ್ನೂ ಕೂಡಿಸಿದ ಮೇಲೆ ತಿಳಿಯುತ್ತದೆ. ಸರ್ಕಾರದ ಎಂ-ಪರಿವಾಹನ್ ಆ್ಯಪಿನಲ್ಲಿ ವಾಹನದ ಸಂಖ್ಯೆ ಒತ್ತಿದರೆ ನೋಂದಣಿಯ ದಿನ, ಇಂಧನ, ವಿಮೆ ಮೊದಲಾದ ವಿವರಗಳು ಕಾಣುತ್ತವೆ. ಬಹಳ ಹಳೆಯ ದಾಖಲೆ ಅದರಲ್ಲಿ ಸಿಗದಿದ್ದರೆ ಸಾರಿಗೆ ಕಚೇರಿಗೆ ಹೋಗಿ ವಿಚಾರಿಸಬೇಕು. ಸಾಲದ ಋಣವಿದ್ದರೆ ಅದು ತೀರಿದ ಪತ್ರ, ಬೇರೆ ರಾಜ್ಯದ ಗಾಡಿಯಾದರೆ ಅಲ್ಲಿನ ನಿರಾಕ್ಷೇಪಣಾ ಪತ್ರ, ಎಂಜಿನ್ ಬದಲಾಗಿದ್ದರೆ ಅದನ್ನು ಪುಸ್ತಕದಲ್ಲಿ ನಮೂದಿಸಿದ ಸಾಕ್ಷಿ ಇವು ಕೈಸೇರದೆ ಮಾತು ಮುಂದುವರಿಸಬಾರದು. ತನಗಿಲ್ಲದ ಒಡೆತನವನ್ನು ಯಾರೂ ಇನ್ನೊಬ್ಬರಿಗೆ ಕೊಡಲಾರರೆಂಬುದು 1930ರ ಸರಕು ಮಾರಾಟ ಕಾಯಿದೆಯ ತತ್ತ್ವ. ಕದ್ದ ಗಾಡಿಯನ್ನು ಹಣ ಕೊಟ್ಟೇ ಕೊಂಡರೂ ಅದು ನಮ್ಮದಾಗುವುದಿಲ್ಲ.

‘ವಿಂಟೇಜ್’ ಎಂಬ ಪದಕ್ಕೂ ಈಗ ಕಾನೂನಿನ ಅರ್ಥವಿದೆ. 2021ರ ಜುಲೈಯಲ್ಲಿ ಬಂದ ಕೇಂದ್ರ ನಿಯಮದಂತೆ, ಮೊದಲ ನೋಂದಣಿಯಿಂದ 50 ವರ್ಷ ದಾಟಿ, ಮೂಲ ರೂಪದಲ್ಲಿಯೇ ಉಳಿದಿರುವ ಖಾಸಗಿ ವಾಹನಕ್ಕೆ ಮಾತ್ರ ಆ ಹೆಸರು. ಹೊಸದಾಗಿ ನೋಂದಣಿಯಾಗುವ ಗಾಡಿಗೆ ‘ವಿಎ’ ಅಕ್ಷರಗಳುಳ್ಳ ಬೇರೆ ಸಂಖ್ಯೆಯನ್ನು ಕೊಡುತ್ತಾರೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. ಅವಧಿ 10 ವರ್ಷ. ಹೀಗೆ ನೋಂದಣಿಯಾದ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ರಿಪೇರಿ, ಇಂಧನ ತುಂಬಿಸುವುದು ಮುಂತಾದವಕ್ಕಲ್ಲದೆ ದಿನಬಳಕೆಗಾಗಲಿ ಬಾಡಿಗೆಗಾಗಲಿ ರಸ್ತೆಗಿಳಿಸುವಂತಿಲ್ಲ. 1985ರ ಪದ್ಮಿನಿಯನ್ನು ‘ವಿಂಟೇಜ್’ ಎಂದು ಬರೆಯುವವನು ಅರ್ಥ ಅರಿಯದವನು, ಇಲ್ಲವೇ ಅರಿತೂ ಮೋಸ ಮಾಡುವವನು. ಸಾಧಾರಣ ಖಾಸಗಿ ನೋಂದಣಿಯ ಕಾರನ್ನು ಕೂಡ ಪರ್ಮಿಟ್ ಇಲ್ಲದೆ ಬಾಡಿಗೆಗೆ ಓಡಿಸುವುದು ಅಪರಾಧ. ಮದುವೆ ಬಾಡಿಗೆಯ ಕನಸು ಕಾಣುವವರು ಇದನ್ನು ಮೊದಲೇ ತಿಳಿದಿರಬೇಕು.

ಇನ್ನು ನಡೆಸಿ ನೋಡುವುದು. ನಾವು ಬರುವ ಮೊದಲು ಎಂಜಿನ್ನನ್ನು ಚಾಲೂ ಮಾಡಬೇಡಿರೆಂದು ಮುಂಚೆಯೇ ಹೇಳಿ ಹೋಗಬೇಕು. ಮುಟ್ಟಿದಾಗ ಬಾನೆಟ್ ಬಿಸಿಯಾಗಿದ್ದರೆ ತಣ್ಣಗಿನ ಎಂಜಿನ್ನಿನ ಹಟವನ್ನು ನಮ್ಮಿಂದ ಮರೆಮಾಚಿದ್ದಾರೆಂದು ತಿಳಿಯಬಹುದು. ಕಾರಿನ ಹೊಗೆ ನೀಲಿಯಾದರೆ ಎಂಜಿನ್ ಆಯಿಲ್ ಉರಿಯುತ್ತಿದೆ; ಬಿಸಿಯಾದ ಮೇಲೂ ಬಿಡದೆ ಬಿಳಿಯಾಗಿ ಬಂದರೆ ಒಳಗೆ ನೀರು ಸೇರುತ್ತಿರಬಹುದು; ಕಪ್ಪಾದರೆ ಇಂಧನ ಸರಿಯಾಗಿ ಸುಡುತ್ತಿಲ್ಲ. ಎಂಜಿನ್ನಿಗಿಂತಲೂ ದೊಡ್ಡ ಶತ್ರು ತುಕ್ಕು. ಬಾಗಿಲ ಕೆಳಗಿನ ಅಂಚು, ಮ್ಯಾಟಿನ ಕೆಳಗಿನ ನೆಲ, ಡಿಕ್ಕಿಯ ಮೂಲೆಗಳು ಅದರ ಅಡಗುದಾಣಗಳು. ಸಣ್ಣದೊಂದು ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಕಬ್ಬಿಣದ ಮೈಮೇಲೆ ಸರಿಸಿಕೊಂಡು ಹೋದರೆ, ದಪ್ಪನಾಗಿ ಪುಟ್ಟಿ ಮೆತ್ತಿದ ಕಡೆ ಅದು ಹಿಡಿಯುವುದಿಲ್ಲ. ಎರಡು ಕಾಸಿನ ಅಯಸ್ಕಾಂತ ಎರಡು ಲಕ್ಷದ ಸುಳ್ಳನ್ನು ಹೊರಗೆಳೆಯುತ್ತದೆ.

ನೊಗ ಹೂಡುವುದೆಂದರೆ ನಾಲ್ಕು ಜನರನ್ನು ಕೂರಿಸಿಕೊಂಡು ಏರುದಾರಿಯಲ್ಲಿ, ಇಳಿಜಾರಿನಲ್ಲಿ ಓಡಿಸಿ ನೋಡುವುದು. ಬ್ರೇಕು ಒಂದು ಕಡೆಗೆ ಎಳೆಯುವುದೇ, ಗೇರು ಜಾರುವುದೇ ಎಂಬುದು ಅಂಗಳದಲ್ಲಿ ತಿಳಿಯದು, ದಾರಿಯಲ್ಲಿ ತಿಳಿಯುತ್ತದೆ. ಇಂಥ ಗಾಡಿಯ ಕೆಲಸ ಬಲ್ಲ ಮೆಕ್ಯಾನಿಕ್ ನಮ್ಮ ಊರಿನ ಸಮೀಪದಲ್ಲಿ ಇದ್ದಾನೆಯೇ ಎಂಬುದನ್ನೂ ಅಂದೇ ನಿರ್ಧರಿಸಿಕೊಳ್ಳಬೇಕು.

ಗಾಡಿಯೇ ಇಲ್ಲದ ಜಾಹೀರಾತಿನ ಕಥೆ ಬೇರೆ. ಸೈನಿಕನ ಸಮವಸ್ತ್ರದ ಚಿತ್ರ ಹಾಕಿ, ವರ್ಗವಾಗಿದೆಯಾದ್ದರಿಂದ ಕಡಿಮೆ ಬೆಲೆಗೆ ಕೊಡುತ್ತೇನೆ, ಸಾಗಣೆಯ ಖರ್ಚು ಮಾತ್ರ ಮೊದಲು ಕಳುಹಿಸಿ ಎನ್ನುವುದು ದೇಶದಾದ್ಯಂತ ಹಬ್ಬಿರುವ ವಂಚನೆ. ಪಿರಿಯಾಪಟ್ಟಣದಿಂದ ಮುಂದಕ್ಕೆ ಹೋದರೆ ಕೊಡಗು. ನಿಜವಾದ ಯೋಧರ ನಾಡು. ಆದ್ದರಿಂದಲೇ ನಮ್ಮ ಜನ ಸಮವಸ್ತ್ರವನ್ನು ಕಂಡೊಡನೆ ನಂಬುತ್ತಾರೆ. ನಿಜವಾದ ಸೈನಿಕನಿಗೆ ತನ್ನ ಗಾಡಿಯನ್ನು ತೋರಿಸಲು ಅಂಜಿಕೆಯೇಕೆ? ಹಣ ಕಳೆದುಕೊಂಡವರು ನಾಚಿಕೆಯಿಂದ ಮುಚ್ಚಿಡದೆ, ತಡಮಾಡದೆ 1930 ಎಂಬ ಸಂಖ್ಯೆಗೆ ಕರೆಮಾಡಿ ದೂರು ಕೊಡಬೇಕು. ಹಣ ಇನ್ನೊಬ್ಬರ ಕೈಗೆ ದಾಟುವ ಮೊದಲು ತಡೆಯುವ ಅವಕಾಶ ಬೇಗ ಹೇಳಿದಷ್ಟೂ ಹೆಚ್ಚು.

ಹಾಗಾದರೆ ಅಂತರ್ಜಾಲದ ಜಾಹೀರಾತೇ ಬೇಡವೆನ್ನೋಣವೇ? ನಾನು ಹಾಗೆನ್ನಲಾರೆ. ಮೊದಲು ದಲ್ಲಾಳಿಯ ಬಾಯಿಂದಷ್ಟೇ ತಿಳಿಯುತ್ತಿದ್ದ ಸುದ್ದಿ ಇಂದು ಎಲ್ಲರ ಕೈಯಲ್ಲಿದೆ. ಹತ್ತು ಕಡೆಯ ಬೆಲೆಯನ್ನು ಮನೆಯಲ್ಲೇ ಕುಳಿತು ಹೋಲಿಸಬಹುದು. ಜಾಹೀರಾತು ದಾರಿ ತೋರುವ ಕೈಮರ, ಊರಲ್ಲ. ಕೈಮರವನ್ನೇ ಊರೆಂದು ತಿಳಿದು ಅಲ್ಲೇ ಗಂಟು ಇಳಿಸಿದರೆ ತಪ್ಪು ಕೈಮರದ್ದೊಂದೇ ಅಲ್ಲ.

ಕೊನೆಯದಾಗಿ ಮಾರುವವರಿಗೂ ಒಂದು ಮಾತು. ಮೋಸಗಾರರೆಲ್ಲ ಪೇಟೆಯವರೆಂದು ಬಗೆಯುವುದು ಬೇಡ. ನಮ್ಮ ಹಳ್ಳಿಗಳ ಬ್ಯಾರನ್ನುಗಳ ಹಿಂದೆ, ಹುಲ್ಲಿನ ಬಣವೆಗಳ ಪಕ್ಕದಲ್ಲಿ ನಿಂತಿರುವ ಜೀಪುಗಳನ್ನೂ ಕಾರುಗಳನ್ನೂ ಹುಡುಕಿಕೊಂಡು ಜನ ಬರುತ್ತಿದ್ದಾರೆ. ಅವುಗಳ ಜಾಹೀರಾತನ್ನು ಬರೆಯುವ ಕೈಯೂ ಹಲವೆಡೆ ಕಾಲೇಜು ಓದುವ ಹುಡುಗನದೇ. ಎಂಜಿನ್ ಯಾವಾಗ ಬಿಚ್ಚಿದ್ದು, ತುಕ್ಕು ಎಲ್ಲಿದೆ, ನೋಂದಣಿ ಯಾವಾಗ ಮುಗಿಯಿತು ಎಂಬುದನ್ನು ಇದ್ದದ್ದು ಇದ್ದಂತೆ ಬರೆದರೆ ಬೆಲೆ ಸ್ವಲ್ಪ ಇಳಿಯಬಹುದು. ಮಾತಿನ ಬೆಲೆ ಇಳಿಯುವುದಿಲ್ಲ. ಹಣ ಬರಬೇಕಾದರೆ ಗುಪ್ತ ಸಂಖ್ಯೆ ಒತ್ತಬೇಕಾಗಿಲ್ಲ. ಒತ್ತಿ ಎನ್ನುವ ‘ಗಿರಾಕಿ’ ಕೊಳ್ಳಲು ಬಂದವನಲ್ಲ, ದೋಚಲು ಬಂದವನು. ಇನ್ನೂ ಮುಖ್ಯವಾದುದೆಂದರೆ ಹೆಸರಿನ ವರ್ಗಾವಣೆ. ಹಣ ಎಣಿಸಿಕೊಂಡು, ಸಹಿ ಹಾಕಿದ ಖಾಲಿ ನಮೂನೆ ಕೊಟ್ಟು ಕೈತೊಳೆದುಕೊಳ್ಳುವುದು ನಮ್ಮಲ್ಲಿ ವಾಡಿಕೆ. ಮೋಟಾರು ವಾಹನ ಕಾಯಿದೆಯಂತೆ, ರಾಜ್ಯದೊಳಗಿನ ಮಾರಾಟವನ್ನು ಮಾರಿದವನು 14 ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕು. 2018ರ ಫೆಬ್ರವರಿಯಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ, ಕಾರು ಕೈಯಿಂದ ಕೈಗೆ ಮಾರಾಟವಾಗಿದ್ದರೂ ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವನೇ ಅಪಘಾತದ ಪರಿಹಾರಕ್ಕೆ ಹೊಣೆಯೆಂದು ತೀರ್ಪು ಕೊಟ್ಟಿತು. ಎಂದೋ ಮಾರಿ ಮರೆತ ಗಾಡಿಗಾಗಿ ಇರುವ ಹೊಲವನ್ನು ಮಾರುವ ದುರ್ಗತಿ ಯಾರಿಗೂ ಬರಬಾರದು.

‘ಬೆಳ್ಳಗಿರುವುದೆಲ್ಲ ಹಾಲಲ್ಲ’ ಎಂದರು ಹಿರಿಯರು. ಸೋದರ ವಿದ್ಯಾರ್ಥಿಗಳೇ, ಪದವಿ ಪಡೆದು ಹಳ್ಳಿಗೆ ಮರಳುವ ನಮ್ಮಿಂದ ನಮ್ಮ ಜನ ದೊಡ್ಡ ಭಾಷಣಗಳನ್ನು ಬಯಸುವುದಿಲ್ಲ. ಅವರು ಚಾಚಿದ ಮೊಬೈಲಿನಲ್ಲಿ ಬರೆದಿರುವುದನ್ನೂ ಬರೆಯದೆ ಬಿಟ್ಟಿರುವುದನ್ನೂ ತಾಳ್ಮೆಯಿಂದ ಓದಿ ಹೇಳಿ, “ನಡೀರಿ, ಹೋಗಿ ನೋಡ್ಕೊಂಡು ಬರೋಣ” ಎಂದು ಜೊತೆಗೆ ಹೊರಡುವವನೊಬ್ಬ ಅವರಿಗೆ ಬೇಕು. ಅಷ್ಟನ್ನು ಮಾಡಿದರೆ ನಮ್ಮ ಓದಿಗೆ ಅವರು ತೆತ್ತ ಹಣದ ಬಡ್ಡಿಯನ್ನಾದರೂ ತೀರಿಸಿದಂತಾದೀತು.